ಅರಮನೆ ತೋರಿಸುತ್ತೀರಿ, ಲೆಕ್ಕಪುಸ್ತಕವನ್ನೇಕೆ ಮುಚ್ಚಿಡುತ್ತೀರಿ?

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ವೆಲ್ಷ್‌ಪೂಲ್ ಎಂಬ ಪುಟ್ಟ ಪಟ್ಟಣವಿದೆ. ಅದರ ಪಕ್ಕದ ದಿಬ್ಬದ ಮೇಲೆ ಕೆಂಪು ಕಲ್ಲಿನ ಒಂದು ದೊಡ್ಡ ಮನೆ. ಆ ಮನೆಯ ಧಣಿಗಳು ತೋಟದಲ್ಲಿ ಔತಣ ಏರ್ಪಡಿಸಿದಾಗ ಅತಿಥಿಗಳಿಗೆ ನೆರಳಾಗಲೆಂದು ಹುಲ್ಲುಹಾಸಿನ ಮೇಲೆ ಒಂದು ಡೇರೆ ಎತ್ತುತ್ತಿದ್ದರು. ಬಿಳಿ ಹತ್ತಿ ಬಟ್ಟೆ, ಅದರ ಮೇಲೆ ಕಮಾನುಗಳು, ಪ್ರತಿ ಕಮಾನಿನೊಳಗೆ ಹೂದಾನಿ, ಹೂದಾನಿಯ ತುಂಬ ಕೆಂಪು ಹೂಗಳು. ಅದರಡಿ ಚಹಾ ಹೀರಿದವರಲ್ಲಿ ಎಷ್ಟು ಮಂದಿ ತಲೆಯೆತ್ತಿ ಆ ಬಟ್ಟೆಯನ್ನು ನೋಡಿದರೋ, ನೋಡಿದವರಲ್ಲಿ ಎಷ್ಟು ಮಂದಿ ಇದು ಎಲ್ಲಿಂದ ಬಂತೆಂದು ಕೇಳಿದರೋ! ಆ ಡೇರೆ ನಮ್ಮ ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನದ್ದು. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನ ಹತನಾದ ಮೇಲೆ ಕೈಗೆ ಸಿಕ್ಕಿದ ಮಾಲು ಅದು.

ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಮನೆಗಳೆಂದರೆ ನಮ್ಮಲ್ಲಿ ಅನೇಕರಿಗೆ ಎಲ್ಲಿಲ್ಲದ ಮೋಹ. ಟಿವಿ ಧಾರಾವಾಹಿಗಳಲ್ಲಿ ನೋಡುತ್ತೇವೆ, ಪ್ರವಾಸ ಕಥನಗಳಲ್ಲಿ ಓದುತ್ತೇವೆ. ಎಂಥ ಅಭಿರುಚಿ, ಎಂಥ ಶಿಸ್ತು, ನಾನೂರು ವರ್ಷದ ಮೆಟ್ಟಿಲನ್ನು ಹೇಗೆ ಜೋಪಾನವಾಗಿ ಇಟ್ಟಿದ್ದಾರೆ, ಅವರಿಂದ ನಾವು ಕಲಿಯಬೇಕು ಎಂದು ನಿಟ್ಟುಸಿರು ಬಿಡುತ್ತೇವೆ. ಕಲಿಯೋಣ. ಆದರೆ ಪಾಠವನ್ನು ಪೂರ್ತಿಯಾಗಿ ಕಲಿಯೋಣ. ಯಾವುದೇ ಮನೆಗೆ ಎರಡು ಚರಿತ್ರೆಗಳಿರುತ್ತವೆ. ಒಂದು, ಅದನ್ನು ಕಟ್ಟಿದ ಚರಿತ್ರೆ. ಇನ್ನೊಂದು, ಕಟ್ಟುವುದಕ್ಕೆ ಹಣ ಬಂದ ಚರಿತ್ರೆ. ಮೊದಲನೆಯದನ್ನು ಅಂದವಾಗಿ ಹೇಳಿ ಎರಡನೆಯದನ್ನು ನುಂಗಿಬಿಡುವವರು ನಮ್ಮ ದೃಷ್ಟಿಯಲ್ಲಿ ಚರಿತ್ರೆ ಹೇಳುತ್ತಿಲ್ಲ, ಮನೆಗೆ ಸುಣ್ಣ ಬಳಿಯುತ್ತಿದ್ದಾರೆ.

ಕೆಂಪು ಕೋಟೆಯೊಳಗೆ

ಪೊವಿಸ್ ಎಂಬುದು ಆ ಮನೆಯ ಹೆಸರು. ಮೊದಲು ಅದು ಮನೆಯಾಗಿರಲಿಲ್ಲ, ಕೋಟೆಯಾಗಿತ್ತು. 13ನೇ ಶತಮಾನದಲ್ಲಿ ವೇಲ್ಸಿನ ಒಬ್ಬ ಅರಸುಮಗ ಕಟ್ಟಿಸಿದ್ದು. ಕಲ್ಲಿನ ಬಣ್ಣ ನೋಡಿ ವೇಲ್ಸಿನ ಜನ ತಮ್ಮ ಭಾಷೆಯಲ್ಲಿ ಅದನ್ನು 'ಕೆಂಪು ಕೋಟೆ' ಎಂದೇ ಕರೆದರು. 1587ರಲ್ಲಿ ಹರ್ಬರ್ಟ್ ಮನೆತನ ಅದನ್ನು ಕೊಂಡುಕೊಂಡಿತು. ಯುದ್ಧದ ಕೋಟೆ ನಿಧಾನವಾಗಿ ವಾಸದ ಮನೆಯಾಯಿತು. 1590ರ ದಶಕದಲ್ಲಿ ಉದ್ದನೆಯ ಪಡಸಾಲೆ ಬಂತು. ಅದರ ಗಾರೆಯ ಕೆಲಸ ಇಂದಿಗೂ ನೋಡುವಂತಿದೆ. 1670ರ ದಶಕದಲ್ಲಿ ಭಾರೀ ಮೆಟ್ಟಿಲುಸಾಲು ಬಂತು, ಅದಕ್ಕೂ ಮೊದಲೇ 1660ರ ದಶಕದಲ್ಲಿ ರಾಜರು ಬಂದರೆ ಮಲಗಲೆಂದು ಶಯನಗೃಹ ಬಂದಿತ್ತು. ಮಂಚದ ಮುಂದೆ ಮರದ ಕಟಾಂಜನವಿದೆ. ಅದರಾಚೆ ಹೋಗಲು ಯಾರಿಗೆ ಅರ್ಹತೆ, ಈಚೆ ನಿಲ್ಲಬೇಕಾದವರು ಯಾರು ಎಂಬುದನ್ನು ಆ ಕಟಾಂಜನವೇ ತೀರ್ಮಾನಿಸುತ್ತಿತ್ತು. ಅಂಥ ವ್ಯವಸ್ಥೆ ಇಡೀ ಬ್ರಿಟನ್ನಿನಲ್ಲಿ ಉಳಿದಿರುವುದು ಆ ಒಂದು ಮನೆಯಲ್ಲಿ ಮಾತ್ರ ಎನ್ನುತ್ತಾರೆ. 17ನೇ ಶತಮಾನದ ಕೊನೆಗೆ ದಿಬ್ಬದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಇಟಲಿಯ ಮಾದರಿಯ ತೋಟ ಮಾಡಿದರು. ಕೆಳಗೆ ನಿಂತು ನೋಡಿದರೆ ಒಂದರ ಮೇಲೊಂದು ಜಗಲಿ, ಜಗಲಿಗಳ ಮೇಲೆ ಸೀಸದ ಪ್ರತಿಮೆಗಳು, ಎಲ್ಲಕ್ಕೂ ಮೇಲೆ ಕೆಂಪು ಗೋಡೆ. ಸುಂದರವಾದ ಮನೆ. ಅದನ್ನು ಒಪ್ಪಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ.

ಆದರೆ 18ನೇ ಶತಮಾನದ ಕೊನೆಯ ಹೊತ್ತಿಗೆ ಈ ಸುಂದರಿ ಸೊರಗಿದ್ದಳು. ಮನೆತನಕ್ಕೆ ಬಿರುದಿತ್ತು, ಕೈಯಲ್ಲಿ ಕಾಸಿರಲಿಲ್ಲ. 1784ರಲ್ಲಿ ಮನೆಯ ಮಗಳು ಹೆನ್ರಿಯೆಟಾ ಹರ್ಬರ್ಟಳಿಗೆ ಮದುವೆಯಾಯಿತು. ವರನ ಹೆಸರು ಎಡ್ವರ್ಡ್ ಕ್ಲೈವ್. ಪ್ಲಾಸಿಯ ರಾಬರ್ಟ್ ಕ್ಲೈವನ ಹಿರಿಯ ಮಗ. ಒಂದು ಕಡೆ ಹಳೆಯ ಹೆಸರು, ಇನ್ನೊಂದು ಕಡೆ ಹೊಸ ಹಣ. 1801ರಲ್ಲಿ ಅವಳ ಅಣ್ಣ ಮದುವೆಯಾಗದೆ ತೀರಿಕೊಂಡ. 1804ರಲ್ಲಿ ಅಳಿಯನಿಗೆ ಪೊವಿಸಿನ ಅರ್ಲ್ ಪದವಿ ಬಂತು. ಅವರ ಮಗ 1807ರಲ್ಲಿ ಕ್ಲೈವ್ ಎಂಬ ಕುಲನಾಮ ಬಿಟ್ಟು ಹರ್ಬರ್ಟ್ ಎಂದು ಬದಲಾಯಿಸಿಕೊಂಡ. ಗಮನಿಸಿ: ಕ್ಲೈವನ ಹಣ ಮನೆಯಲ್ಲಿ ಉಳಿಯಿತು, ಕ್ಲೈವನ ಹೆಸರು ಬಾಗಿಲಿನಿಂದ ಕಳಚಿತು. ಮಾಡು, ಗೋಡೆಗಳೆಲ್ಲ ದುರಸ್ತಿಯಾದದ್ದು ಆ ಹಣ ಬಂದ ಮೇಲೆ.

ಆ ಹಣ ಎಲ್ಲಿಯದು?

1757ರ ಜೂನ್ 23ರಂದು ಪ್ಲಾಸಿಯಲ್ಲಿ ನವಾಬ ಸಿರಾಜುದ್ದೌಲನನ್ನು ಸೋಲಿಸಿ ಮೀರ್ ಜಾಫರನನ್ನು ಗದ್ದುಗೆಗೆ ಕೂರಿಸಿದ್ದಕ್ಕೆ ರಾಬರ್ಟ್ ಕ್ಲೈವನ ಸ್ವಂತ ಕಿಸೆಗೆ ಬಿದ್ದದ್ದು 2,34,000 ಪೌಂಡು. ಅದು ಸಾಲದೆಂಬಂತೆ ವರ್ಷಕ್ಕೆ ಸುಮಾರು 27,000 ಪೌಂಡು ಹುಟ್ಟುವ ಜಾಗೀರು. ಯುದ್ಧಕ್ಕಿಂತ ಮೊದಲು ಮುಗಿದಿದ್ದ ವ್ಯಾಪಾರವದು. ಸೇನಾಪತಿಯನ್ನು ಕೊಂಡದ್ದಾಗಿತ್ತು, ರಣರಂಗದಲ್ಲಿ ನಡೆದದ್ದು ನಾಟಕ. 1765ರ ಆಗಸ್ಟ್ 12ರಂದು ಅಲಹಾಬಾದಿನಲ್ಲಿ ಮೊಘಲ್ ಬಾದಶಹ ಶಾ ಆಲಂನಿಂದ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು, ಅಂದರೆ ಕಂದಾಯ ವಸೂಲಿಯ ಹಕ್ಕನ್ನು, ಇದೇ ಕ್ಲೈವ್ ಕಂಪೆನಿಗೆ ಬರೆಸಿಕೊಂಡ. ಆ ಸನ್ನಿವೇಶವನ್ನು ಬೆಂಜಮಿನ್ ವೆಸ್ಟ್ ಎಂಬ ಕಲಾವಿದ ಎತ್ತರದ ಸಿಂಹಾಸನ, ಆನೆ, ಪರಿವಾರಗಳೊಡನೆ ಭವ್ಯವಾಗಿ ಚಿತ್ರಿಸಿದ. ಪೊವಿಸಿನಲ್ಲೂ ಆ ಚಿತ್ರವಿದೆ. ನಿಜದಲ್ಲಿ ಕೆಲಸ ನಡೆದದ್ದು ಕ್ಲೈವನ ಡೇರೆಯೊಳಗೆ. ಊಟದ ಮೇಜಿನ ಮೇಲೆ ಕುರ್ಚಿಯೊಂದನ್ನಿಟ್ಟು ಬಾದಶಹನನ್ನು ಕೂರಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಗೋಡೆಯ ಮೇಲಿನ ಚಿತ್ರ ಯಾರ ಮಾನ ಕಾಪಾಡುತ್ತಿದೆ? ಬಾದಶಹನದ್ದಂತೂ ಅಲ್ಲ.

ದಿವಾನಿ ಕೈಗೆ ಬಂದು ಐದು ವರ್ಷವಾಗುವಷ್ಟರಲ್ಲಿ, 1770ರಲ್ಲಿ, ಬಂಗಾಳದಲ್ಲಿ ಭೀಕರ ಕ್ಷಾಮ. ಮಳೆ ಕೈಕೊಟ್ಟದ್ದು ಕಂಪೆನಿಯ ತಪ್ಪಲ್ಲ, ಸರಿ. ಆದರೆ ಜನ ಸಾಯುತ್ತಿದ್ದಾಗಲೂ ಕಂದಾಯ ನಿಲ್ಲಲಿಲ್ಲ. ಗವರ್ನರ್ ವಾರೆನ್ ಹೇಸ್ಟಿಂಗ್ಸ್ 1772ರಲ್ಲಿ ಲಂಡನ್ನಿಗೆ ಬರೆದ ವರದಿಯನ್ನೇ ನೋಡಿ. ಪ್ರಾಂತ್ಯದ ಜನರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಅಳಿದುಹೋಗಿದ್ದರೂ 1771ರ ವಸೂಲಿ 1768ರದ್ದನ್ನೂ ಮೀರಿತು ಎಂದು ಆತನೇ ತಿಳಿಸುತ್ತಾನೆ. ಇದು ವೈರಿಗಳ ಆರೋಪವಲ್ಲ, ಮನೆಯೊಳಗಿನವರದೇ ಲೆಕ್ಕ.

ಅದೇ ವರ್ಷಗಳಲ್ಲಿ ಕ್ಲೈವ್ ತನ್ನ ನಾಡಿನಲ್ಲಿ ಮನೆಗಳ ಮೇಲೆ ಮನೆ ಕಟ್ಟಿಸುತ್ತಿದ್ದ. ಸರ್ರೆಯ ಕ್ಲೇರ್‌ಮಾಂಟ್ ಎಂಬಲ್ಲಿ ಇದ್ದ ಒಳ್ಳೆಯ ಮನೆಯನ್ನು ಕೆಡವಿ, ಇನ್ನಷ್ಟು ಎತ್ತರದ ಜಾಗದಲ್ಲಿ ಹೊಸದೊಂದನ್ನು ಎಬ್ಬಿಸಿದ. ಸುತ್ತಲಿನ ಹಳ್ಳಿಗರು ಅದನ್ನು ನೋಡಿ ಏನು ಪಿಸುಗುಟ್ಟಿದರೆಂಬುದನ್ನು ಮೆಕಾಲೆ ದಾಖಲಿಸಿದ್ದಾನೆ. ಗೋಡೆಗಳನ್ನು ಅಷ್ಟು ದಪ್ಪ ಕಟ್ಟಿಸಿರುವುದು ಸೈತಾನ ಒಳಗೆ ಬಾರದಿರಲಿ ಎಂದಂತೆ! ಆ ಮನೆಯಲ್ಲಿ ನೆಲೆನಿಲ್ಲುವ ಮೊದಲೇ, 1774ರ ನವೆಂಬರಿನಲ್ಲಿ, ಕ್ಲೈವ್ ಲಂಡನ್ನಿನಲ್ಲಿ ಸತ್ತ. ಮೆಕಾಲೆ ನಮ್ಮ ಭಾಷೆ, ವಿದ್ಯೆಗಳ ಬಗ್ಗೆ ಏನೆಂದುಕೊಂಡಿದ್ದ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಕ್ಷರ ಬಾರದ ಆ ಇಂಗ್ಲಿಷ್ ರೈತರು ಇಂದಿನ ಅನೇಕ ಕಲಾವಿಮರ್ಶಕರಿಗಿಂತ ಚೆನ್ನಾಗಿ ವಾಸ್ತುಶಿಲ್ಪವನ್ನು ಓದಬಲ್ಲವರಾಗಿದ್ದರು. ಗೋಡೆಯ ದಪ್ಪ ನೋಡಿ ಅವರು ಹಣದ ಮೂಲವನ್ನು ಕೇಳಿದರು.

ಮಗ ಎಡ್ವರ್ಡ್ ಕ್ಲೈವ್ 1798ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಮರುವರ್ಷವೇ ಶ್ರೀರಂಗಪಟ್ಟಣ ಬಿತ್ತು. 1800ರಲ್ಲಿ ಅವನ ಹೆಂಡತಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳೊಡನೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನೆಲ್ಲ ಸುತ್ತಿದಳು. ಕಲ್ಲು, ಗಿಡ, ಕುತೂಹಲದ ವಸ್ತುಗಳನ್ನು ಆಯ್ದಳು. ಟಿಪ್ಪುವಿನ ಡೇರೆ, ಅವನ ಸಿಂಹಾಸನದ ಅಂಚಿನಲ್ಲಿದ್ದ ರತ್ನಖಚಿತ ಚಿನ್ನದ ಹುಲಿತಲೆಗಳಲ್ಲೊಂದು, ಸಿರಾಜುದ್ದೌಲನದ್ದೆಂದು ಹೇಳಲಾಗುವ ಪಲ್ಲಕ್ಕಿ, ಕತ್ತಿ, ಹುಕ್ಕಾ, ದಂತದ ಕೆಲಸ, ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ವಸ್ತುಗಳು ಪೊವಿಸ್ ಸೇರಿದವು. 1952ರಲ್ಲಿ ನಾಲ್ಕನೇ ಅರ್ಲ್ ತೀರಿಕೊಂಡಾಗ ಮನೆ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋಯಿತು. 1987ರಲ್ಲಿ ಅದರೊಳಗೆ 'ಕ್ಲೈವ್ ಮ್ಯೂಸಿಯಂ' ತೆರೆಯಿತು. ಕದ್ದವನ ಹೆಸರಿನ ಮ್ಯೂಸಿಯಂ. ಮಾಲು ಕಳಕೊಂಡವರ ಹೆಸರಿನದ್ದಲ್ಲ.

ಹೊರಗೆ ಗುಮ್ಮಟ, ಒಳಗೆ ಲಂಡನ್

ಪೊವಿಸ್ ಭಾರತವನ್ನು ಒಳಗಿಟ್ಟುಕೊಂಡ ಮನೆಯಾದರೆ, ಭಾರತವನ್ನು ಮೈಮೇಲೆ ತೊಟ್ಟುಕೊಂಡು ನಿಂತ ಮನೆ ಇನ್ನೊಂದಿದೆ. ಗ್ಲಾಸ್ಟರ್‌ಷೈರಿನ ಸೆಜಿನ್‌ಕೋಟ್. ಕಂಪೆನಿಯ ಸೇವೆಯಲ್ಲಿ ಹಣ ಮಾಡಿದ ಚಾರ್ಲ್ಸ್ ಕಾಕರೆಲ್ ಎಂಬಾತನಿಗಾಗಿ ಅವನ ಸಹೋದರ, ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಪೆಪಿಸ್ ಕಾಕರೆಲ್ 1805ರ ಸುಮಾರಿಗೆ ಇದನ್ನು ರೂಪಿಸಿದ. ಹೇಸ್ಟಿಂಗ್ಸ್ ಮೇಲೆ ಪಾರ್ಲಿಮೆಂಟಿನಲ್ಲಿ ಮಹಾಭಿಯೋಗ ನಡೆಯುತ್ತಿದ್ದಾಗಲೇ ಅವನಿಗೆ ಡೇಲ್ಸ್‌ಫರ್ಡ್ ಮನೆಯನ್ನು ಕಟ್ಟಿಕೊಟ್ಟವನೂ ಇದೇ ವಾಸ್ತುಶಿಲ್ಪಿ. ಭಾರತದ ಉದ್ದಗಲ ಸುತ್ತಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್ ಸಲಹೆ ಕೊಟ್ಟ. ಪರಿಣಾಮ ನೋಡಿ: ನೆತ್ತಿಯ ಮೇಲೆ ಹಸಿರುಗಟ್ಟಿದ ತಾಮ್ರದ ಈರುಳ್ಳಿಯಾಕಾರದ ಗುಮ್ಮಟ, ಮೂಲೆಗಳಲ್ಲಿ ಛತ್ರಿಗಳು, ಗೋಡೆಯಿಂದ ಬಹು ಮುಂದಕ್ಕೆ ಚಾಚಿದ ಛಜ್ಜಾ, ನವಿಲುಗರಿ ಬಿಚ್ಚಿದಂಥ ಕಮಾನುಗಳ ಕಿಟಕಿಗಳು. ತೋಟದಲ್ಲಿ ಸೂರ್ಯನ ಗುಡಿ, ಸೇತುವೆಯ ಮೇಲೆ ನಮ್ಮ ನಂದಿಗಳು. ಗುಮ್ಮಟ ನಿಮ್ಮದು, ಗುಡಿ ನಮ್ಮದು ಎಂದು ನಾವಿಲ್ಲಿ ಬೇಲಿ ಹಾಕಿಕೊಂಡು ಕಚ್ಚಾಡುತ್ತೇವೆ. ಹಣ ಮಾಡಿ ಹೋದವನಿಗೆ ಎರಡೂ ಒಂದೇ ಅಂಗಡಿಯ ಸರಕು.

ಛಜ್ಜಾ ಎಂಬುದು ನಮ್ಮ ಬಿಸಿಲಿಗೆ, ನಮ್ಮ ಮಳೆಗೆ ಹುಟ್ಟಿದ್ದು. ನೆತ್ತಿಯ ಸೂರ್ಯ ಗೋಡೆಗೆ ಬಡಿಯದಂತೆ, ಮುಂಗಾರು ಕಿಟಕಿಯೊಳಗೆ ನುಗ್ಗದಂತೆ ತಡೆಯುವುದಕ್ಕೆ. ಬಿಸಿಲಿಗಾಗಿ ಹಾತೊರೆಯುವ ಇಂಗ್ಲೆಂಡಿನಲ್ಲಿ ಅದಕ್ಕೇನು ಕೆಲಸ? ಅಲ್ಲಿ ಅದು ಅಲಂಕಾರ, ಬೇಟೆಯಾಡಿದ ಹುಲಿಯ ಚರ್ಮವನ್ನು ಗೋಡೆಗೆ ತೂಗುಹಾಕಿದ ಹಾಗೆ. ಬಾಗಿಲು ದಾಟಿ ಒಳಗೆ ಹೋದರೆ ಭಾರತ ಮಾಯ. ಮೆಟ್ಟಿಲು, ಕಂಬ, ಕೊಠಡಿಗಳೆಲ್ಲ ಅಪ್ಪಟ ಯುರೋಪು. 1807ರಲ್ಲಿ ರಾಜಕುಮಾರ ಜಾರ್ಜ್ ಈ ಮನೆಗೆ ಭೇಟಿಕೊಟ್ಟ. ಮುಂದೆ ಬ್ರೈಟನ್ನಿನಲ್ಲಿ ಅವನ ಅರಮನೆಗೂ ಗುಮ್ಮಟಗಳು ಏರಿದವು. ನಮ್ಮ ಕುಶಲಕರ್ಮಿಗಳ ವಿದ್ಯೆಯನ್ನು ಮೆಚ್ಚಿದರು, ನಕಲು ಮಾಡಿದರು. ಆ ವಿದ್ಯೆಯ ಒಡೆಯರನ್ನು ಮಾತ್ರ ಅನಾಗರಿಕರೆಂದು ಬರೆದರು.

ಸತ್ಯ ಹೇಳಿದ್ದಕ್ಕೆ ಸಿಟ್ಟು

2020ರ ಸೆಪ್ಟೆಂಬರಿನಲ್ಲಿ ನ್ಯಾಷನಲ್ ಟ್ರಸ್ಟ್ ಒಂದು ವರದಿ ಪ್ರಕಟಿಸಿತು. ತನ್ನ ಸುಪರ್ದಿಯಲ್ಲಿರುವ 93 ಸ್ಥಳಗಳಿಗೆ ವಸಾಹತುಶಾಹಿಯ ಜೊತೆ, ಗುಲಾಮರ ವ್ಯಾಪಾರದ ಜೊತೆ ಸಂಬಂಧವಿದೆಯೆಂದು ಒಪ್ಪಿಕೊಂಡಿತು. ಪೊವಿಸೂ ಅದರಲ್ಲಿತ್ತು. ಒಳ್ಳೆಯ ಕೆಲಸ. ಆದರೆ ಎಂಥ ಗದ್ದಲವೆದ್ದಿತು! ಆಡಳಿತ ಪಕ್ಷದ ಸಂಸದರು ಪತ್ರ ಬರೆದರು, ಪತ್ರಿಕೆಗಳು ಹರಿಹಾಯ್ದವು, ನಮ್ಮ ಹೆಮ್ಮೆಗೆ ಮಸಿ ಬಳಿಯುತ್ತಿದ್ದಾರೆ ಎಂದು ಗೋಳಾಡಿದರು. ದೂರು ಸರಕಾರಿ ಆಯೋಗದವರೆಗೂ ಹೋಯಿತು. ಟ್ರಸ್ಟ್ ಕಾನೂನು ಮುರಿದಿಲ್ಲವೆಂದು 2021ರ ಮಾರ್ಚಿನಲ್ಲಿ ಆಯೋಗ ಹೇಳಬೇಕಾಯಿತು. ಯಾರೂ ಮನೆ ಕೆಡವಿರಲಿಲ್ಲ, ಒಂದು ಇಟ್ಟಿಗೆಯನ್ನೂ ಅಲುಗಿಸಿರಲಿಲ್ಲ. ಲೆಕ್ಕಪುಸ್ತಕದ ಮೊದಲ ಪುಟ ತಿರುವಿದ್ದಕ್ಕೇ ಇಷ್ಟು ಕೂಗು.

ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ತಮಾಷೆ. ಟಿಪ್ಪುವಿನ ಸಿಂಹಾಸನದ ಮತ್ತೊಂದು ಹುಲಿತಲೆ ಮಾರಾಟವಾಗಿ ಹೊರದೇಶಕ್ಕೆ ಹೋಗುವ ಸಂದರ್ಭ ಬಂತು. ಬೆಲೆ 15 ಲಕ್ಷ ಪೌಂಡು. ಬ್ರಿಟಿಷ್ ಸರಕಾರ ಅದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು, ಬ್ರಿಟನ್ನಿನೊಳಗೇ ಕೊಳ್ಳುವವರು ಸಿಗಲಿ ಎಂದು! ಶ್ರೀರಂಗಪಟ್ಟಣದಲ್ಲಿ ಸಿಂಹಾಸನವನ್ನು ತುಂಡು ತುಂಡು ಮಾಡಿ ಹಂಚಿಕೊಂಡವರ ದೇಶ ಅದರ ಒಂದು ತುಂಡು ಗಡಿ ದಾಟಬಾರದೆಂದು ಕಾನೂನು ಹಿಡಿದು ನಿಂತಿತು. ಈ ಕಾನೂನು 1799ರಲ್ಲಿ ನಮ್ಮ ಕೈಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ನಮಗೆ ಕೊಡುವ ಉತ್ತರಗಳು ಗೊತ್ತಿವೆ. ನಿಮ್ಮ ಸುಲ್ತಾನರು, ರಾಜರು ಲೂಟಿ ಮಾಡಲಿಲ್ಲವೇ ಎಂದು ಕೇಳುತ್ತಾರೆ. ಮಾಡಿದ್ದಾರೆ. ಟಿಪ್ಪುವೂ ಯುದ್ಧ ಮಾಡಿದವನೇ. ಆ ಡೇರೆಯ ಬಟ್ಟೆ ಅವನ ಕಾಲಕ್ಕಿಂತ ಹಳೆಯದು, ಬಹುಶಃ ಬುರ್ಹಾನ್‌ಪುರದಲ್ಲಿ ತಯಾರಾದದ್ದು ಎನ್ನುತ್ತಾರೆ ತಜ್ಞರು. ಅದು ಅವನ ಕೈಗೆ ಹೇಗೆ ಬಂತೆಂದು ಕೇಳುವ ಹಕ್ಕೂ ಎಲ್ಲರಿಗಿದೆ. ಆ ಪ್ರಶ್ನೆಗೆ ನಾವು ಹೆದರುವುದಿಲ್ಲ. ಯಾರು ಮಾಡಿದರೂ ಲೂಟಿ ಲೂಟಿಯೇ. ಆದರೆ ಒಬ್ಬನ ಪಾಪ ಇನ್ನೊಬ್ಬನ ರಸೀದಿಯಾಗುವುದಿಲ್ಲ.

ಇಲ್ಲೇ ಇದ್ದಿದ್ದರೆ ನೀವು ಹಾಳು ಮಾಡುತ್ತಿದ್ದಿರಿ, ಅಲ್ಲಿದ್ದುದರಿಂದ ಉಳಿಯಿತು ಎಂಬುದು ಎರಡನೇ ಉತ್ತರ. ಇದರಲ್ಲಿ ಅರ್ಧ ಸತ್ಯವಿದೆ, ಅದು ನಮಗೆ ನೋವು ಕೊಡುವ ಸತ್ಯ. ಉಳಿದರ್ಧವನ್ನು ಮೊದಲು ಹೇಳೋಣ. ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ದೊಡ್ಡ ಅರಮನೆಗಳಿದ್ದವು. ಲಾಲ್ ಮಹಲಿನಲ್ಲಿ ಇಂದು ಉಳಿದಿರುವುದು ತಳಪಾಯ ಮಾತ್ರ. ಲಾಲ್‌ಬಾಗ್ ಅರಮನೆಯ ತೊಲೆಗಳು ಎಲ್ಲಿವೆ ಗೊತ್ತೇ? ಊಟಿಯಲ್ಲಿ. 1829ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅರಮನೆಯ ಮರಗಳನ್ನು ಬಿಚ್ಚಿ ಬೆಟ್ಟ ಹತ್ತಿಸಿದರು. ಪ್ರಾರ್ಥನೆಗೆ ಬರುವ ಭಕ್ತರ ಮೇಲೆ ನಮಗೆ ಯಾವ ದೂರೂ ಇಲ್ಲ, ಆ ತೊಲೆಗಳು ಇನ್ನು ಅಲ್ಲಿಯೇ ಇರಲಿ. ಆದರೆ ಮನೆಯನ್ನು ಬಿಚ್ಚಿದವರೇ, ನಿಮಗೆ ಮನೆ ಉಳಿಸಿಕೊಳ್ಳಲು ಬಾರದು ಎಂದು ನಮಗೆ ಪಾಠ ಹೇಳುವುದು ಬೇಡ.

ನಮ್ಮ ಮನೆಯ ಲೆಕ್ಕ

ಇನ್ನು ನೋವಿನ ಅರ್ಧ. 1784ರ ದರಿಯಾ ದೌಲತ್ ಇಂದಿಗೂ ನಿಂತಿದೆ. ತೇಗದ ಕಂಬಗಳು, ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಕಂಪೆನಿಯ ದಂಡು ಸೋತು ನಿಂತ ಅಪರೂಪದ ದೃಶ್ಯ. ಅದರ ಮುಂದೆ ನಿಂತು ನಾವೆಷ್ಟು ಮಂದಿ ಐದು ನಿಮಿಷ ಕಳೆದಿದ್ದೇವೆ? ಟಿಪ್ಪುವಿನ ಹುಟ್ಟುಹಬ್ಬವನ್ನು ಸರಕಾರ 2015ರಲ್ಲಿ ಶುರುಮಾಡಿತು, 2019ರಲ್ಲಿ ಇನ್ನೊಂದು ಸರಕಾರ ರದ್ದು ಮಾಡಿತು. ಆ ಗಲಾಟೆಯಲ್ಲಿ ಪರ ನಿಂತವರ ಗಂಟಲೂ ಒಣಗಿತು, ವಿರೋಧಿಸಿದವರದ್ದೂ ಒಣಗಿತು. ಆ ಮನುಷ್ಯನ ಮನೆ ಎಲ್ಲಿ ಹೋಯಿತೆಂದು ಎರಡೂ ಕಡೆಯವರು ಕೇಳಲಿಲ್ಲ.

ಇನ್ನೊಂದು ಮಾತು. ಪೊವಿಸಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಹಳೆಯ ಮನೆಗಳಿಗೂ ಕೇಳದಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಕರಾವಳಿಯ ಗುತ್ತಿನ ಮನೆ, ಕೊಡಗಿನ ಐನ್‌ಮನೆ, ಉತ್ತರ ಕರ್ನಾಟಕದ ವಾಡೆ, ಮುಸ್ಲಿಮ್ ಸಾಹುಕಾರರ ಉಪ್ಪರಿಗೆ ಮನೆ, ಇವೆಲ್ಲ ಈಗ 'ಪಾರಂಪರಿಕ' ಎಂಬ ಹಣೆಪಟ್ಟಿ ಹಚ್ಚಿಕೊಂಡು ಪ್ರವಾಸಿಗರಿಗೆ ಕಾಯುತ್ತಿವೆ. ಕೆತ್ತನೆಯ ಕಂಬದ ಫೋಟೋ ತೆಗೆಯುತ್ತೇವೆ. ಆ ಕಂಬವನ್ನು ಕಾಡಿನಿಂದ ಹೊತ್ತವರು ಯಾರು, ಗೇಣಿಯ ಭತ್ತ ಅಳೆದು ಬರಿಗೈಯಲ್ಲಿ ಹೋದವರು ಯಾರು, ಜಗಲಿಯ ಕೆಳಗೇ ನಿಲ್ಲಬೇಕಾಗಿದ್ದವರು ಯಾರು ಎಂದು ಕೇಳುವುದಿಲ್ಲ. ಪೊವಿಸಿನ ಮಂಚದ ಮುಂದಿನ ಕಟಾಂಜನವನ್ನು ಕಂಡು ನಗುವ ನಾವು ನಮ್ಮ ಅಂಗಳದಲ್ಲೂ ಅಂಥದ್ದೇ ಗೆರೆಯಿತ್ತೆಂಬುದನ್ನು ಮರೆಯುತ್ತೇವೆ. ನಮ್ಮ ಗೆರೆಗೆ ಮರದ ಕಟಾಂಜನ ಬೇಕಿರಲಿಲ್ಲ, ಜಾತಿಯೇ ಸಾಕಾಗಿತ್ತು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಯಾವ ಮನೆಯನ್ನೂ ಕೆಡವಬೇಡಿ. ತೋಟಕ್ಕೆ ನೀರು ಹಾಕಿ, ಗಾರೆಯನ್ನು ಜೋಪಾನ ಮಾಡಿ. ಆದರೆ ಟಿಕೆಟು ಹರಿಯುವ ಬಾಗಿಲಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ, ಈ ಮನೆಗೆ ಹಣ ಎಲ್ಲಿಂದ ಬಂತೆಂದು ಬರೆಯಿರಿ. ಕಟ್ಟಿಸಿದವನ ಹೆಸರಿನ ಪಕ್ಕದಲ್ಲಿ ಕೊಟ್ಟವರ ಊರಿನ ಹೆಸರಿರಲಿ. ಸಿಂಹಾಸನದ ತುಂಡುಗಳನ್ನು ಮರಳಿಸುವ ಮಾತುಕತೆಗೆ ಬನ್ನಿ. ಅದಾಗುವವರೆಗೆ ಆ ಡೇರೆಯನ್ನಾದರೂ ಒಮ್ಮೆ ಶ್ರೀರಂಗಪಟ್ಟಣಕ್ಕೆ ತಂದು ಎತ್ತಿ. ಮಂಡ್ಯದ ಶಾಲೆಯ ಮಕ್ಕಳು ಅದರಡಿ ನಿಂತು ಕೆಂಪು ಹೂಗಳನ್ನು ನೋಡಲಿ.

ಅದು ಎಲ್ಲಿಗೆ ಹೋಗಿತ್ತೆಂದು ಆ ಮಕ್ಕಳು ಖಂಡಿತ ಕೇಳುತ್ತಾರೆ. ಉತ್ತರ ಹೇಳಲು ಅಲ್ಲಿಯವರೂ ಇರಬೇಕು, ನಾವೂ ಇರಬೇಕು.